ಗರ್ಭಿಣಿಯ ಪ್ರಯಾಣ: ನೀರು ಬಿಡುವುದು ಪರಿಹಾರವಲ್ಲ

ಮಾಘ ಮಾಸದಿಂದ ಯುಗಾದಿಯವರೆಗೆ ನಮ್ಮ ನಾಡಿನಲ್ಲಿ ಜಾತ್ರೆಗಳ ಕಾಲ. ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ, ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಯುಗಾದಿಯ ಶ್ರೀಶೈಲ ಯಾತ್ರೆ ಒಂದರ ಹಿಂದೊಂದು ಬರುತ್ತವೆ. ಅವುಗಳ ಬೆನ್ನಿಗೇ ಮಕ್ಕಳ ಬೇಸಿಗೆ ರಜೆ, ಮದುವೆ, ಕುಬಸದ ಕಾರ್ಯಗಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರ ಬಸ್ ಪ್ರಯಾಣವೂ ಹೆಚ್ಚಿದೆ. ಮನೆಯಲ್ಲಿ ಗರ್ಭಿಣಿಯಿದ್ದರೆ, “ಅವಳನ್ನೂ ಕರೆದೊಯ್ಯಬಹುದೇ?” ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ತೊಡಕಿಲ್ಲದ ಗರ್ಭಾವಸ್ಥೆಯಲ್ಲಿ ಕರೆದೊಯ್ಯಬಹುದು. ಆದರೆ ಹೇಗೆ ಕರೆದೊಯ್ಯಬೇಕೆಂಬುದನ್ನು ಮನೆಯವರೆಲ್ಲರೂ ಅರಿತಿರಬೇಕು.

ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬರುತ್ತಿದ್ದ ಏಳು ತಿಂಗಳ ಗರ್ಭಿಣಿಯೊಬ್ಬಳು ಮನೆಯವರೊಡನೆ ಜಾತ್ರೆಗೆ ಹೊರಟಿದ್ದಳು. ಆಹಾರ ಹೇಗಿರಬೇಕು, ರಸ್ತೆ ಹೇಗಿರಬೇಕು ಎಂದೆಲ್ಲ ನಾನು ತಿಳಿಸಿದ್ದೆನು. ನೀರಿನ ಮಾತನ್ನು ಮಾತ್ರ ಕೇಳಲಿಲ್ಲ. ದಾರಿಯಲ್ಲಿ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ಆಕೆ ಬೆಳಗಿನಿಂದ ಸಂಜೆಯವರೆಗೆ ಎರಡು ಗುಟುಕಿಗಿಂತ ಹೆಚ್ಚು ನೀರು ಕುಡಿದಿರಲಿಲ್ಲ. ಮೂತ್ರ ಬಂದರೂ ಹಿರಿಯರ ಮುಂದೆ ಹೇಳಲು ನಾಚಿ ತಡೆದುಕೊಂಡಿದ್ದಳು. ಮರುದಿನ ಉರಿಮೂತ್ರ, ಅದರ ಮಾರನೆಯ ರಾತ್ರಿ ಚಳಿಜ್ವರ, ಸೊಂಟನೋವು, ಬೆಳಗಾಗುವಷ್ಟರಲ್ಲಿ ಹೊಟ್ಟೆ ಬಿಗಿಯುವ ನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ತಡಮಾಡದೆ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿನ ಚಿಕಿತ್ಸೆಯಿಂದ ನೋವು ನಿಂತು, ದಿನ ತುಂಬಿದ ಮೇಲೆ ಹೆರಿಗೆಯಾಗಿ ತಾಯಿ ಮಗು ಕ್ಷೇಮವಾಗಿದ್ದಾರೆ. ಅಂದಿನಿಂದ ಪ್ರಯಾಣದ ಮಾತೆತ್ತಿದ ಪ್ರತಿ ಗರ್ಭಿಣಿಗೂ ನಾನು ಮೊದಲು ಕೇಳುವ ಪ್ರಶ್ನೆ ಇದೇ: “ದಾರಿಯಲ್ಲಿ ನೀರು ಕುಡಿಯುವೆಯಾ?”

ಕಾರಣವೇನು?

ಗರ್ಭಿಣಿಯನ್ನು ಎಣ್ಣೆ ತುಂಬಿದ ಪಾತ್ರೆಯಂತೆ ತುಳುಕದ ಹಾಗೆ ಕಾಪಾಡಬೇಕೆಂಬುದು ಚರಕಾಚಾರ್ಯರ ಅಭಿಪ್ರಾಯ. ಇದನ್ನು ಕುಲುಕಾಟವಿರುವ ವಾಹನಕ್ಕೆ ಮಾತ್ರ ಅನ್ವಯಿಸಿ ನಾವು ಸುಮ್ಮನಾಗುತ್ತೇವೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುತ್ತದೆ. ಅವುಗಳಲ್ಲಿ ಮೂತ್ರವೇಗವೂ ಒಂದು. ಮಲಮೂತ್ರಗಳ ವಿಸರ್ಜನೆಯನ್ನು ನಡೆಸುವ ಅಪಾನವಾತವೇ ಪ್ರಸವವನ್ನೂ ನಡೆಸುವುದು. ಆದ್ದರಿಂದ ಒಂದನ್ನು ತಡೆದರೆ ಇನ್ನೊಂದು ಕೆಡುವ ಸಂಭವವುಂಟು.

ಆಧುನಿಕ ವೈದ್ಯಶಾಸ್ತ್ರದ ವಿವರಣೆಯೂ ಇದೇ ಎಚ್ಚರವನ್ನು ಕೊಡುತ್ತದೆ. ಗರ್ಭಿಣಿಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಭಾವದಿಂದ ಮೂತ್ರನಾಳಗಳು ಸಡಿಲಗೊಳ್ಳುತ್ತವೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ. ಮೂತ್ರ ನಿಧಾನವಾಗಿ ಹರಿದು ಸೋಂಕಿಗೆ ಎಡೆಯಾಗುತ್ತದೆ. ಸೋಂಕು ಮೇಲೇರಿದರೆ ಅವಧಿಪೂರ್ವ ಹೆರಿಗೆಯ ಭಯವಿದೆ. ಇದಲ್ಲದೆ ಗರ್ಭಿಣಿಯ ರಕ್ತವು ಬೇಗ ಹೆಪ್ಪುಗಟ್ಟುವ ಸ್ವಭಾವದ್ದು. ನೀರು ಕಡಿಮೆಯಾಗಿ, ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚುತ್ತದೆ.

ಹೊರಡುವ ಮುನ್ನ

ನಾಲ್ಕನೆಯ ತಿಂಗಳಿನಿಂದ ಏಳನೆಯ ತಿಂಗಳ ಆರಂಭದವರೆಗಿನ ಅವಧಿ ಪ್ರಯಾಣಕ್ಕೆ ಹೆಚ್ಚು ಹಿತಕರ. ರಕ್ತಸ್ರಾವ ಆಗಿದ್ದವರು, ಮಾಸು ಕೆಳಗಿರುವವರು, ರಕ್ತದೊತ್ತಡ ಅಥವಾ ತೀವ್ರ ರಕ್ತಹೀನತೆ ಇರುವವರು, ಅವಳಿ ಗರ್ಭದವರು, ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾದವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ಕೊನೆಯ ದಿನಗಳವರೆಗೆ ಕಾಯದಿರುವುದು ಲೇಸು. ತಾಯಿ ಕಾರ್ಡ್, ಪರೀಕ್ಷಾ ವರದಿಗಳು, ದಿನನಿತ್ಯದ ಕಬ್ಬಿಣಾಂಶದ ಮಾತ್ರೆಗಳು ಕೈಚೀಲದಲ್ಲಿರಲಿ. ವಾಂತಿ ತಡೆಯುವ ಮಾತ್ರೆಯಾಗಲಿ, ಕಷಾಯವಾಗಲಿ, ಕೇಳದೆ ಸೇವಿಸಬಾರದು.

ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ ಎಂಬುದನ್ನು ಮನೆಯ ಹಿರಿಯರು ಮೊದಲೇ ಗುರುತಿಸಿಕೊಳ್ಳಬೇಕು. ಬಸ್ ನಿಲ್ದಾಣ, ಪೆಟ್ರೋಲ್ ಬಂಕ್, ಪರಿಚಯಸ್ಥರ ಮನೆ ಯಾವುದಾದರೂ ಆಗಬಹುದು. ಈ ಹೊಣೆಯನ್ನು ಗರ್ಭಿಣಿಯ ಮೇಲೆ ಹೊರಿಸಬಾರದು.

ದಾರಿಯಲ್ಲಿ

ಕಾಯಿಸಿ ಆರಿಸಿದ ನೀರನ್ನು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ದಿನವೊಂದಕ್ಕೆ ಸುಮಾರು 2ರಿಂದ 2.5 ಲೀಟರ್ ಬೇಕು, ಬಿಸಿಲಿದ್ದರೆ ಇನ್ನಷ್ಟು. ಮನೆಯ ಮಜ್ಜಿಗೆ, ಎಳನೀರು, ರಾಗಿ ಅಂಬಲಿ ಹಿತಕರ. ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ ಮೂತ್ರವಿಸರ್ಜನೆ ಮಾಡಿ, ಐದು ನಿಮಿಷ ನಡೆದಾಡಲಿ. ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಬಸ್ಸಿನಲ್ಲಿ ಕುಲುಕಾಟ ಕಡಿಮೆಯಿರುವ ನಡುವಿನ ಆಸನ ಒಳ್ಳೆಯದು, ಹಿಂದಿನ ಸಾಲು ಬೇಡ. ಕಾರಿನಲ್ಲಿ ಸೀಟ್ ಬೆಲ್ಟ್ ಬಿಡಬಾರದು: ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಯ ಬುಡದಲ್ಲಿ, ಮೇಲ್ಪಟ್ಟಿ ಎರಡು ಸ್ತನಗಳ ನಡುವೆ ಬರಬೇಕು. ಹೊಟ್ಟೆಯ ಮೇಲೆ ಹಾಯಬಾರದು. ಖಾಲಿಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವ ಊಟವೂ ಬೇಡ. ಎರಡು ಮೂರು ಗಂಟೆಗೊಮ್ಮೆ ಚಪಾತಿ, ಬಾಳೆಹಣ್ಣು, ಹುರಿಗಡಲೆ ಸಾಕು. ಕತ್ತರಿಸಿಟ್ಟ ಹಣ್ಣು, ಬೀದಿಯ ಶರಬತ್ತು ವರ್ಜ್ಯ.

ತಲುಪಿದ ಮೇಲೆ

ತೇರು ಎಳೆಯುವ ನೂಕುನುಗ್ಗಲಿನಲ್ಲಿ ಗರ್ಭಿಣಿ ನಿಲ್ಲುವುದು ಸಲ್ಲದು. ತೇರಿನ ಮರುದಿನ ಹೋದರೂ ದರ್ಶನಕ್ಕೆ ಕೊರತೆಯಾಗದು. ಸಡಿಲವಾದ ಹತ್ತಿಯ ಉಡುಪು, ಜಾರದ ಚಪ್ಪಲಿ, ಮಧ್ಯಾಹ್ನ ನೆರಳಿನಲ್ಲಿ ಎಡಮಗ್ಗುಲಾಗಿ ಒಂದು ಗಂಟೆ ವಿಶ್ರಾಂತಿ, ಕಾಲುಗಳಿಗೆ ದಿಂಬಿನ ಆಸರೆ ಇದ್ದರೆ ಊತವೂ ಬಳಲಿಕೆಯೂ ಇಳಿಯುತ್ತವೆ.

ತಡಮಾಡಬಾರದ ಲಕ್ಷಣಗಳು

ರಕ್ತಸ್ರಾವ, ನೀರು ಸೋರುವುದು, ಬಿಟ್ಟುಬಿಟ್ಟು ಹೊಟ್ಟೆ ಬಿಗಿಯುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಊತ, ಮಗುವಿನ ಚಲನೆ ಕಡಿಮೆಯಾಗುವುದು, ಜ್ವರ, ಉರಿಮೂತ್ರ, ಒಂದೇ ಕಾಲಿನ ಮೀನಖಂಡದಲ್ಲಿ ಊತ ನೋವು, ಹಠಾತ್ ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ಸಮೀಪದ ಆಸ್ಪತ್ರೆಗೆ ಹೋಗಬೇಕು. ತುರ್ತಿಗೆ 108ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ ಒಂದು ಬಿನ್ನಹ. ಜಾತ್ರೆಗಳಲ್ಲಿ ಅನ್ನದಾಸೋಹ, ನೀರಿನ ಅರವಟ್ಟಿಗೆಗಳನ್ನು ನಾವು ಶ್ರದ್ಧೆಯಿಂದ ನಡೆಸುತ್ತೇವೆ. ಅರವಟ್ಟಿಗೆಯ ಪಕ್ಕದಲ್ಲಿ ತಾಯಂದಿರಿಗಾಗಿ ನೀರು, ಬಾಗಿಲು, ಚಿಲಕ ಸರಿಯಿರುವ ಒಂದು ಶುಚಿಯಾದ ಶೌಚಾಲಯವನ್ನೂ ಕಾಯ್ದುಕೊಂಡರೆ ಅದೂ ದಾಸೋಹವೇ. ಮನೆಯಲ್ಲಿ ಅತ್ತೆಯಾದವರು, “ನಾಚಬೇಡ ಮಗಳೇ, ಬೇಕಾದಾಗ ಗಾಡಿ ನಿಲ್ಲಿಸೋಣ” ಎಂದು ಹೊರಡುವ ಮೊದಲೇ ಒಂದು ಮಾತು ಹೇಳಲಿ. ಆ ಮಾತು ಕೇಳಿದ ಸೊಸೆ ನೀರು ಕುಡಿಯಲು ಅಂಜುವುದಿಲ್ಲ.