ಇಂದಿನ ಧಮ್ಮ ಚಿಂತನೆ: ರೈತನ ಹೊಟ್ಟೆ, ರಾಜನ ತಟ್ಟೆ





ಕಳೆದ ಭಾನುವಾರ ವಿಹಾರದ ಅಧ್ಯಯನದಲ್ಲಿ *ಭೋಜನೇ ಮತ್ತಞ್ಞುತಾ* ಎಂಬ ಪಾಳಿ ಮಾತು ಬಂತು. ಊಟದಲ್ಲಿ ಅಳತೆ ಅರಿತಿರುವುದು ಎಂದು ಅದರ ಅರ್ಥ. ನಾನು ಅರ್ಥ ಹೇಳಿ ಮುಗಿಸುವ ಮೊದಲೇ ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಅಲ್ಲ ಟೀಚರಮ್ಮ, ನಮ್ ತಾತ ಮುತ್ತಾತಂದಿರು ಹಸ್ಕೊಂಡೇ ಸತ್ರು. ಈಗ ನಾವು ಹೊಟ್ಟೆ ತುಂಬ ಉಣ್ಣೋ ಹೊತ್ಗೆ ಕಮ್ಮಿ ಉಣ್ಣಿ ಅಂತೀರಲ್ಲ, ಇದು ನ್ಯಾಯವಾ?"

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ವಾರವಿಡೀ ಓದಿ ಯೋಚಿಸಿದ್ದನ್ನು ಇಂದು ಬರೆಯುತ್ತಿದ್ದೇನೆ.

ಧಮ್ಮಪದದ ಸುಖವಗ್ಗದಲ್ಲಿ 203 ಮತ್ತು 204ನೇ ಗಾಥೆಗಳು ಅಕ್ಕಪಕ್ಕದಲ್ಲಿವೆ. ಮೊದಲನೆಯದು ಹಸಿವನ್ನು ಎಲ್ಲಕ್ಕಿಂತ ದೊಡ್ಡ ರೋಗವೆಂದು ಕರೆಯುತ್ತದೆ. ಎರಡನೆಯದು ಆರೋಗ್ಯವನ್ನು ಎಲ್ಲಕ್ಕಿಂತ ದೊಡ್ಡ ಲಾಭವೆಂದು ಹೇಳುತ್ತದೆ. ಅಟ್ಟಕಥೆ ಇವೆರಡಕ್ಕೂ ಒಂದೊಂದು ಕಥೆ ಕೊಡುತ್ತದೆ.

*ಮೊದಲ ಕಥೆ ರೈತನದು.* ಆಳವಿ ಎಂಬ ಊರಿನಲ್ಲಿ ಬುದ್ಧರ ಉಪದೇಶ ಕೇಳಲು ಜನ ಸೇರಿದ್ದರು. ಒಬ್ಬ ಬಡ ರೈತನ ಎತ್ತು ಕಳೆದುಹೋಗಿತ್ತು. ಹುಡುಕಿ ಹುಡುಕಿ ಸುಸ್ತಾದ ಅವನು ಹಸಿದ ಹೊಟ್ಟೆಯಲ್ಲೇ ತಡವಾಗಿ ಬಂದ. ಅಲ್ಲಿಯವರೆಗೂ ಬುದ್ಧರು ಮಾತು ಆರಂಭಿಸದೆ ಕಾದಿದ್ದರು. ಬಂದವನಿಗೆ ಮೊದಲು ಊಟ ಕೊಡಿಸಿದರು, ಆಮೇಲೆ ಧಮ್ಮ ಹೇಳಿದರು. ಹಸಿದವನಿಗೆ ಧಮ್ಮ ತಲೆಗೆ ಹತ್ತುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

*ಎರಡನೆಯದು ಕೋಸಲದ ರಾಜ ಪಸೇನದಿಯದು.* ಇದು ಸಂಯುತ್ತ ನಿಕಾಯದಲ್ಲೂ ಇದೆ. ರಾಜ ಒಂದು ದೋಣ ಅಳತೆಯ ಅನ್ನ ಉಂಡು ಏದುಸಿರು ಬಿಡುತ್ತ ಬುದ್ಧರ ಬಳಿ ಬಂದ. ಅಳತೆಯರಿತು ಉಣ್ಣುವವನ ನೋವು ಕಡಿಮೆಯಾಗುತ್ತದೆ, ಅವನು ನಿಧಾನವಾಗಿ ಮುಪ್ಪಾಗುತ್ತಾನೆ ಎಂಬ ಅರ್ಥದ ಗಾಥೆಯೊಂದನ್ನು ಬುದ್ಧರು ಹೇಳಿದರು. ಹಿಂದೆ ನಿಂತಿದ್ದ ಸುದಸ್ಸನ ಎಂಬ ತರುಣನಿಗೆ ರಾಜ ಅದನ್ನು ಕಲಿಯಲು ಹೇಳಿ, ತಾನು ಊಟಕ್ಕೆ ಕುಳಿತಾಗಲೆಲ್ಲ ಹೇಳುವ ಕೆಲಸಕ್ಕೆ ನೇಮಿಸಿದ. ದಿನಕ್ಕೆ 100 ಕಹಾಪಣ ಸಂಬಳ. ರಾಜನ ಊಟ ಮೆಲ್ಲಮೆಲ್ಲಗೆ ಒಂದು ನಾಳಿಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಕೊಳಗದಿಂದ ಪಾವಿಗೆ ಇಳಿದಂತೆ. ಮೈ ಹಗುರವಾದ ರಾಜ ಬುದ್ಧರನ್ನು ನೆನೆದು ಸಂತೋಷಪಟ್ಟ.

ಗಮನಿಸಿ ಬಂಧುಗಳೇ. ಕಡಿಮೆ ಉಣ್ಣು ಎಂದದ್ದು ಕಣಜ ತುಂಬಿದ್ದ ರಾಜನಿಗೆ. ಹಸಿದ ರೈತನಿಗೆ ಹೇಳಿದ್ದು ಮೊದಲು ಉಣ್ಣು ಎಂದು. ಹಾಗಾದರೆ ಇಂದು ನಾನು ಯಾರು? ಈ ಪ್ರಶ್ನೆಯನ್ನು ನನಗೇ ಕೇಳಿಕೊಂಡೆ.

ನನ್ನ ಅವ್ವ ಬೆಳಗ್ಗೆ ಎದ್ದರೆ ಹೊತ್ತು ಮುಳುಗುವವರೆಗೂ ಗದ್ದೆಯಲ್ಲಿ ನಾಟಿ, ಕಳೆ, ಕುಯ್ಲು ಮಾಡಿದವಳು. ಮೂರು ಮುದ್ದೆ ಉಂಡರೂ ಅದು ಅವಳ ಮೈಗೆ ಸಾಲುತ್ತಿರಲಿಲ್ಲ. ನಾನು ಕುರ್ಚಿಯಲ್ಲಿ ಕುಳಿತು ನೋಟ್ಸ್ ತಿದ್ದುವವಳು, ಬಸ್ಸಿನಲ್ಲಿ ಓಡಾಡುವವಳು. ಉಣ್ಣುತ್ತಿದ್ದದ್ದು ಮಾತ್ರ ಅವ್ವನ ಅಳತೆಯನ್ನೇ. ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದರು ಡಾಕ್ಟರು. ಅಪ್ಪ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡದ್ದು ಕಣ್ಣ ಮುಂದೆ ಬಂತು.

ಒಂದು ವಾರ ತಿಂದದ್ದನ್ನೆಲ್ಲ ಪಾಠ ಟಿಪ್ಪಣಿಯ ಹಿಂಬದಿಯಲ್ಲಿ ಬರೆದೆ. ತಪ್ಪು ಮುದ್ದೆಯಲ್ಲಾಗಲಿ ಭಾನುವಾರದ ಬಾಡಿನ ಸಾರಿನಲ್ಲಾಗಲಿ ಅಷ್ಟಾಗಿ ಇರಲಿಲ್ಲ. ದಿನಕ್ಕೆ ನಾಲ್ಕು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚಕ್ಕೆ ಸುಮಾರು 20 ಕ್ಯಾಲೊರಿ, ಎಂಟಕ್ಕೆ 160. ಅರ್ಧ ಗಂಟೆ ಬಿರುಸಾಗಿ ನಡೆದರೂ ಅಷ್ಟು ಖರ್ಚಾಗುವುದು ಕಷ್ಟ. ಒಗ್ಗರಣೆಗೆ ಬಗ್ಗಿಸುವ ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120. ಹೋಲಿಸಿ ನೋಡಿ: 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320, ಅದರ ಜೊತೆಗೆ ನಾರು, ಸುಣ್ಣದ ಅಂಶವೂ ಸಿಗುತ್ತದೆ.

ಮತ್ತೊಂದನ್ನು ಬರೆಯುವಾಗ ಕೈ ತಡೆಯಿತು. ಮಕ್ಕಳು ಬಿಟ್ಟ ಅನ್ನ, ಪಾತ್ರೆಯ ತಳದ ಸಾರು, ರಾತ್ರಿಯ ತಂಗಳು, ಎಲ್ಲವೂ ಕೊನೆಗೆ ನನ್ನ ಹೊಟ್ಟೆಗೆ. "ಅನ್ನ ಚೆಲ್ಲಬಾರದು" ಎಂದು ಕಲಿತವಳು ನಾನು. ಅವ್ವನಿಗೆ ಅವಳ ಅವ್ವ ಕಲಿಸಿದ್ದು. ಆ ಅಜ್ಜಿ ಗೌಡರ ಮನೆಯ ಹಿತ್ತಲಲ್ಲಿ ನಿಂತು ಸೆರಗೊಡ್ಡಿ ಮಿಕ್ಕಿದ್ದನ್ನು ಹಾಕಿಸಿಕೊಂಡು ಬಂದವಳು.

1927ರ ಮಾರ್ಚ್‌ನಲ್ಲಿ ಮಹಾಡ್‌ನ ಸಮ್ಮೇಳನದಲ್ಲಿ ಬಾಬಾಸಾಹೇಬರು ನಮ್ಮವರಿಗೆ ಹೇಳಿದ ಮಾತುಗಳಲ್ಲಿ ಇದೂ ಒಂದು: ಇನ್ನೊಬ್ಬರು ಎಸೆದ ಎಂಜಲನ್ನು ಉಣ್ಣಬೇಡಿ. ನನ್ನ ಮನೆಯ ತಂಗಳು ಆ ಎಂಜಲಿಗೆ ಸಮವಲ್ಲ, ಒಪ್ಪುತ್ತೇನೆ. ಆದರೆ ಎಲ್ಲರದೂ ಆದಮೇಲೆ ಉಳಿದದ್ದು ಹೆಂಗಸಿನ ಹೊಟ್ಟೆಗೆ ಎಂಬ ರೂಢಿ ಎಲ್ಲಿಂದ ಬಂತು? ಈ ದೇಹಕ್ಕೂ ಒಂದು ಘನತೆ ಇದೆ. ಇದು ಮಿಕ್ಕಿದ್ದನ್ನು ಸುರಿಯುವ ಪಾತ್ರೆಯಲ್ಲ. ಅಂದಿನಿಂದ ಅಕ್ಕಿ ಅಳೆದು ಹಾಕುತ್ತೇನೆ. ಮಕ್ಕಳ ತಟ್ಟೆಗೆ ಮೊದಲು ಸ್ವಲ್ಪವೇ ಬಡಿಸುತ್ತೇನೆ, ಬೇಕಾದರೆ ಕೇಳಿ ಹಾಕಿಸಿಕೊಳ್ಳುತ್ತಾರೆ. ಚೆಲ್ಲುವುದೂ ಇಲ್ಲ, ತುರುಕಿಕೊಳ್ಳುವುದೂ ಇಲ್ಲ.

ಇಷ್ಟದ ಊಟ ಬಿಡಲಿಲ್ಲ. ಸಿದ್ಧಾರ್ಥರು ದೇಹ ದಂಡಿಸಿ, ಎಲುಬುಗೂಡಾಗಿ, ಅದರಿಂದ ಜ್ಞಾನ ಬಾರದೆಂದು ಕಂಡುಕೊಂಡು ಸುಜಾತೆಯ ಪಾಯಸ ಸ್ವೀಕರಿಸಿದವರು. ಹೊಟ್ಟೆ ಬಿರಿಯ ಉಣ್ಣುವುದು ಒಂದು ಕೊನೆ, ಹಸಿದು ಬಳಲುವುದು ಇನ್ನೊಂದು ಕೊನೆ. ಭಾನುವಾರ ಬಾಡಿನ ಸಾರು ಇದ್ದೇ ಇದೆ. ಎರಡು ಮುದ್ದೆಯ ಜಾಗದಲ್ಲಿ ಒಂದು, ಜೊತೆಗೆ ಸೊಪ್ಪು, ಕಾಳು, ಸೌತೆಕಾಯಿ ಹೆಚ್ಚು. ಟೀ ಎರಡೇ ಲೋಟ, ಅರ್ಧ ಚಮಚ ಸಕ್ಕರೆ. ಹೊಟ್ಟೆ ತುಂಬಿದ್ದು ತಲೆಗೆ ತಿಳಿಯಲು ಸುಮಾರು 20 ನಿಮಿಷ ಬೇಕು, ಹಾಗಾಗಿ ಫೋನು ದೂರ ಇಟ್ಟು ನಿಧಾನ ಉಣ್ಣುತ್ತೇನೆ. ಸಂಜೆ ಎರಡು ಸ್ಟಾಪ್ ಮೊದಲೇ ಬಸ್ ಇಳಿದು ನಡೆಯುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನನಗೂ ಒಬ್ಬಳು ಸುದಸ್ಸನ ಇದ್ದಾಳೆ. ಎರಡನೇ ಸಲ ಸೌಟಿಗೆ ಕೈ ಹಾಕಿದರೆ ಮಗಳು ಕೇಳುತ್ತಾಳೆ: "ಅಮ್ಮ, ಹಸಿವಾ, ಬರೀ ಆಸೆಯಾ?" ಹಸಿವು ಎಂದರೆ ಹಾಕಿಕೊಳ್ಳುತ್ತೇನೆ. ಆಸೆ ಎಂದರೆ ಒಂದು ಲೋಟ ನೀರು ಕುಡಿದು ಸ್ವಲ್ಪ ಕಾಯುತ್ತೇನೆ. ಅವಳ ಸಂಬಳ ಭಾನುವಾರ ನನ್ನ ತಟ್ಟೆಯ ನಲ್ಲಿ ಮೂಳೆ.

ಕಷ್ಟವಾದದ್ದು ಅವ್ವನ ಮುಂದೆ. ಊರಿಗೆ ಹೋದಾಗ ಎರಡನೇ ಮುದ್ದೆ ಬೇಡವೆಂದೆ. ಅವಳ ಮುಖ ಬಾಡಿತು. "ಯಾಕ ಮಗ, ನನ್ ಕೈ ರುಚಿ ಕೆಟ್ಟೋಯ್ತಾ?" ಅವಳ ಕಾಲದಲ್ಲಿ ಪ್ರೀತಿ ತೋರಿಸಲು ಇದ್ದದ್ದು ಅದೊಂದೇ, ತನ್ನ ಪಾಲನ್ನು ನಮ್ಮ ತಟ್ಟೆಗೆ ಹಾಕುವುದು. ಪಕ್ಕದಲ್ಲಿ ಕುಳಿತು ರಾಜನ ಕಥೆ ಹೇಳಿದೆ, ಅಪ್ಪನ ಕಾಲನ್ನೂ ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕಳು: "ರಾಜಂಗೂ ಬಾಯಿ ಕಟ್ಟೋಕೆ ಒಬ್ಬ ಹೈದ ಬೇಕಾಯ್ತಾ!" ಆ ಮುದ್ದೆಯನ್ನು ಇಬ್ಬರೂ ಅರ್ಧರ್ಧ ಉಂಡೆವು.

ಆರು ತಿಂಗಳಿಗೆ ತೂಕ ನಾಲ್ಕು ಕೆಜಿ ಇಳಿದಿದೆ, ಎಚ್‌ಬಿಎ1ಸಿ 5.8. ಹೊಸ್ತಿಲು ಇನ್ನೂ ಪೂರ್ತಿ ದಾಟಿ ಹಿಂದೆ ಬಂದಿಲ್ಲ, ನಡೆಯುತ್ತಿದ್ದೇನೆ.

ಈಗ ಆ ಹಿರಿಯರಿಗೆ ಉತ್ತರ. ಅಣ್ಣಾ, ನಮ್ಮವರಲ್ಲಿ ಯಾರಾದರೂ ಹಸಿದಿದ್ದರೆ ಅವರಿಗೆ ಈ ಪಾಠ ಬೇಡ, ಅನ್ನ ಬೇಕು. ಅದು ನಮ್ಮ ಸಂಘದ ಹೊಣೆ. ತಟ್ಟೆ ತುಂಬಿದವರು ಮಾತ್ರ ಅಳತೆ ಕಲಿಯೋಣ. ಹಿಂದೆ ನಮ್ಮ ಅಳತೆಯನ್ನು ಬೇರೆಯವರು ನಿರ್ಧರಿಸುತ್ತಿದ್ದರು. ಈಗ ನಾವೇ ನಿರ್ಧರಿಸುತ್ತೇವೆ.

*ಇಂದಿನ ಅಭ್ಯಾಸ:* ಒಂದು ಹೊತ್ತಿನ ಊಟವನ್ನು ಫೋನು, ಟಿವಿ ಇಲ್ಲದೆ ಉಣ್ಣಿ. ಎರಡನೇ ಸಲ ಬಡಿಸಿಕೊಳ್ಳುವ ಮೊದಲು ಹಸಿವೋ ಆಸೆಯೋ ಎಂದು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡುವುದಾಗಲಿ, ದಿಢೀರ್ ಕಡಿಮೆ ಮಾಡುವುದಾಗಲಿ ಬೇಡ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.