ಮಳೆಗೆ ನೆಂದ ಹುಲ್ಲೇ ಬಾಯ್ಲರ್‌ಗೆ ಒಳ್ಳೇದು!

ಇಂಧನ ಅಂದ್ರೆ ನಾವು ಮೊದಲು ನೋಡೋದು ಕ್ಯಾಲೊರಿಫಿಕ್ ವ್ಯಾಲ್ಯೂ. ಒಣ ಗೋಧಿ ಹುಲ್ಲಿಗೆ ಅದು ಕೆಜಿಗೆ ಸುಮಾರು 14-15 ಮೆಗಾಜೂಲ್. ಒಣ ಸೌದೆಗೂ ಹೆಚ್ಚುಕಮ್ಮಿ ಅಷ್ಟೇ. ಹಾಗಾದ್ರೆ ಸೌದೆ ಬಾಯ್ಲರ್‌ಗೇ ಹುಲ್ಲು ತುಂಬಬಹುದಲ್ಲ?

ಆಗೋದಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಊರಿಗೆ ಬಿಸಿನೀರು ಕಾಯಿಸಲು ಹುಲ್ಲು ಉರಿಸತೊಡಗಿದ ಡೆನ್ಮಾರ್ಕ್‌ನ ಅನುಭವ ನೋಡೋಣ. ಹುಲ್ಲಿನಲ್ಲಿ ಸೌದೆಗಿಂತ ಪೊಟ್ಯಾಸಿಯಂ, ಕ್ಲೋರಿನ್ ಜಾಸ್ತಿ. ಪೊಟ್ಯಾಸಿಯಂನಿಂದಾಗಿ ಬೂದಿ ಕಡಿಮೆ ಉಷ್ಣತೆಯಲ್ಲೇ ಮೆದುವಾಗಿ ಅಂಟಿಕೊಳ್ಳುತ್ತದೆ. ಕ್ಲೋರಿನ್ ಬಿಸಿ ಕೊಳವೆಗಳನ್ನು ತಿನ್ನುತ್ತದೆ.

ಪರಿಹಾರ ಸರಳ. ಕೊಯ್ದ ಹುಲ್ಲನ್ನು ಹೊಲದಲ್ಲೇ ಮಳೆಗೆ ಬಿಟ್ಟರೆ ಇವೆರಡರಲ್ಲೂ ಸಾಕಷ್ಟು ತೊಳೆದುಹೋಗುತ್ತದೆ. ಹಳದಿ ಹುಲ್ಲು ಬೂದುಬಣ್ಣಕ್ಕೆ ತಿರುಗುತ್ತದೆ. ತೇವಾಂಶ ಶೇ. 20ಕ್ಕಿಂತ ಕೆಳಗಿಳಿದ ಮೇಲೆ ಕಟ್ಟು ಕಟ್ಟುತ್ತಾರೆ.

ನಮ್ಮ ಭತ್ತದ ಹುಲ್ಲಿನಲ್ಲೂ ಪೊಟ್ಯಾಸಿಯಂ, ಕ್ಲೋರಿನ್ ಇವೆ. ಹಾಗಾಗಿ ಪ್ರಾಜೆಕ್ಟ್‌ಗೆ ಬಾಯ್ಲರ್ ಡಿಸೈನ್ ಮಾಡುವಾಗ ಶಾಖದ ಲೆಕ್ಕದ ಜೊತೆ ಬೂದಿಯ ಲೆಕ್ಕವನ್ನೂ ಹಾಕೋಣ.