ಉಸುಕಿನೊಳಗಿನ ಮೀನು

ತಿಕೋಟಾದಿಂದ ಸಮುದ್ರ ಬಹಳ ದೂರ. ನಮ್ಮ ಮಕ್ಕಳು ಬಲ್ಲದ್ದು ದ್ರಾಕ್ಷಿ ತೋಟ, ಬಾವಿ, ಹಳ್ಳದ ಉಸುಕು. ಮೊನ್ನೆ ಪಾಠದ ನಡುವೆ ಒಬ್ಬ ಹುಡುಗ, “ಹಜರತ್, ಉಸುಕಿನ್ಯಾಗ ಮೀನ ಇರ್ತಾವೇನ್ರಿ?” ಎಂದು ಕೇಳಿದ. ಉಳಿದವರು ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ.

ಉತ್ತರ ನಮ್ಮ ರಾಜ್ಯದ ಕರಾವಳಿಯಲ್ಲೇ ಇದೆ. ಮಂಗಳೂರಿನ ಕಡೆ ‘ಕಾಣೆ’ ಎಂಬ ಮೀನಿದೆ. ನೀಳ ದೇಹ, ಉಸುಕಿನದೇ ಬಣ್ಣ. ಅಪಾಯದ ಸುಳಿವು ಸಿಕ್ಕೊಡನೆ ತಳದ ಮರಳಿನಲ್ಲಿ ಹೂತುಕೊಂಡು, ಹೆಸರಿಗೆ ತಕ್ಕಂತೆ ಕಾಣೆಯಾಗುತ್ತದೆ. ಆ ಮರಳಿನ ಹುಳುಗಳು, ಸಣ್ಣ ಸಿಗಡಿಗಳೇ ಅದರ ಆಹಾರ. ಅದರ ಮರಿಗಳು ನದಿ ಕಡಲನ್ನು ಸೇರುವ ಅಳಿವೆಯ ಆಳವಿಲ್ಲದ ನೀರಿನಲ್ಲಿ ಬೆಳೆಯುತ್ತವೆ.

ಯುರೋಪಿನ ಉತ್ತರ ಸಮುದ್ರದಲ್ಲಿ ಇದಕ್ಕಿಂತಲೂ ಹೆಚ್ಚಾಗಿ ಮರಳನ್ನೇ ನಂಬಿದ ಮೀನೊಂದಿದೆ. ಹೆಸರು ಸ್ಯಾಂಡ್ ಈಲ್. ಗೇಣುದ್ದದ ಈ ಮೀನು ಬೇಸಿಗೆಯ ಹಗಲಿನಲ್ಲಿ ಹೊರಬಂದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ, ರಾತ್ರಿ ಮರಳಿಗೆ ಮರಳುತ್ತದೆ. ಚಳಿಗಾಲದ ಬಹುಭಾಗವನ್ನು ಮರಳಿನೊಳಗೇ ಕಳೆಯುತ್ತದೆ. ಎಲ್ಲ ಮರಳೂ ಅದಕ್ಕೆ ಆಗದು. ಕೆಸರು ಬೆರೆತರೆ ಕಣಗಳ ನಡುವೆ ನೀರು ಹರಿಯದೆ ಉಸಿರುಗಟ್ಟುತ್ತದೆ.

ಈ ಸಣ್ಣ ಮೀನಿನ ಮೇಲೆ ಎಷ್ಟು ಬಾಯಿಗಳು ಅವಲಂಬಿಸಿವೆ! ಕಾಡ್, ಬಂಗುಡೆಯ ಜಾತಿಯ ಮೀನುಗಳು, ಸೀಲ್, ತಿಮಿಂಗಿಲ, ಪಫಿನ್‌ನಂತಹ ಕಡಲಹಕ್ಕಿಗಳು. ತೇಲುವ ಸೂಕ್ಷ್ಮಜೀವಿಗಳನ್ನು ಇವುಗಳಲ್ಲಿ ಹಲವು ನೇರವಾಗಿ ಹೆಕ್ಕಿ ಬದುಕಲಾರವು. ಆ ಸತ್ವವನ್ನು ಕೊಬ್ಬಾಗಿಸಿ ಇವುಗಳ ಬಾಯಿಗೆ ತಲುಪಿಸುವುದು ಈ ಮೀನು. ಮನುಷ್ಯನೂ ಅದನ್ನು ಹೇರಳವಾಗಿ ಹಿಡಿದ, ಹೆಚ್ಚಾಗಿ ತಿನ್ನಲಿಕ್ಕಲ್ಲ, ಹಿಟ್ಟು ಮತ್ತು ಎಣ್ಣೆ ಮಾಡಲಿಕ್ಕೆ.

1980ರ ದಶಕದಲ್ಲಿ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಸುತ್ತ ಈ ಮೀನು ಕಡಿಮೆಯಾದಾಗ ಕಡಲಹಕ್ಕಿಗಳ ಮರಿಗಳು ಗೂಡಿನಲ್ಲೇ ಹಸಿದು ಸತ್ತವು. 1991ರಲ್ಲಿ ಅಲ್ಲಿ ಇದರ ಬೇಟೆಯನ್ನು ಕೆಲವು ವರ್ಷ ನಿಲ್ಲಿಸಬೇಕಾಯಿತು. 2024ರಲ್ಲಿ ಸ್ಕಾಟ್ಲೆಂಡಿನ ಕಡಲಿನಲ್ಲೂ ಉತ್ತರ ಸಮುದ್ರದ ಇಂಗ್ಲೆಂಡಿನ ಭಾಗದಲ್ಲೂ ಅದನ್ನು ಹಿಡಿಯುವುದನ್ನೇ ನಿಷೇಧಿಸಲಾಯಿತು. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮರಿಮಾಡಿ ಬೆಳೆಯಲೆಂಬುದೇ ಅದರ ಉದ್ದೇಶ.

ಓದುಗ ಸಹೋದರ ಸಹೋದರಿಯರೇ, ಉಸುಕೆಂದರೆ ನಮಗೆ ಮನೆ ಕಟ್ಟುವ ಸಾಮಾನು. ಅಳಿವೆಯ ಮರಳನ್ನು ಮಿತಿಮೀರಿ ತೆಗೆದರೆ ಒಂದು ಜೀವದ ಮನೆಯನ್ನು ಕೆಡವಿ ನಮ್ಮ ಮನೆ ಕಟ್ಟಿದಂತಾಯಿತು. ಬೇಕಾದಷ್ಟು ತೆಗೆದುಕೊಳ್ಳುವುದು ಬೇರೆ, ಬರಿದು ಮಾಡುವುದು ಬೇರೆ. ಕಣ್ಣಿಗೆ ಕಾಣದ್ದು ನಿಷ್ಪ್ರಯೋಜಕವಲ್ಲ. ಸೃಷ್ಟಿಯಲ್ಲಿ ಕ್ಷುದ್ರವಾದುದು ಯಾವುದೂ ಇಲ್ಲ.

ಮರುದಿನ ಇದನ್ನೆಲ್ಲ ಹೇಳಿದಾಗ ಯಾರೂ ನಗಲಿಲ್ಲ. ಪ್ರಶ್ನೆ ಕೇಳಿದ ಹುಡುಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ.